ರೇಂಜಿನಲ್ಲಿ ಹೆಕ್ಕಿದ 9 ಎಂಎಂ ಹಿತ್ತಾಳೆ ಕೇಸು: ಆರಿಸುವುದು, ತೊಳೆಯುವುದು, ಮತ್ತೆ ಊರಿಗೆ ಬಂದುಬಿಟ್ಟ ಎರಡು

ತೋಟದಮನೆ_ಶಿರಸಿ ಕೇಳಿದ್ದು:

ನಾನಿರುವುದು ಹ್ಯೂಸ್ಟನ್ನಿನಲ್ಲಿ, ಊರು ಶಿರಸಿ ಹತ್ತಿರ. ಈಗ ರಜೆಗೆ ಊರಲ್ಲಿದ್ದೇನೆ. ಹ್ಯೂಸ್ಟನ್ನಿನ ರೇಂಜಿನಲ್ಲಿ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಹೊಡೆದವರು ಬಿಟ್ಟುಹೋದ ಖಾಲಿ ಕೇಸುಗಳನ್ನು, ಅಂದರೆ ಗುಂಡು ಹಾರಿದಮೇಲೆ ಉಳಿಯುವ ತೋಟಾದ ಕವಚಗಳನ್ನು ಹೆಕ್ಕಿ ಎರಡು ಬಕೆಟ್ ಆಗಿದೆ, ತೂಕ ಸುಮಾರು 20 ಕಿಲೋ. ಹೆಚ್ಚಿನವು 9 ಎಂಎಂ ಪಿಸ್ತೂಲಿನವು. ವಾಪಸ್ ಹೋದಮೇಲೆ ಅಲ್ಲಿಯೇ ರೀಲೋಡಿಂಗ್, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದು ಗುಂಡು ತುಂಬುವುದು, ಶುರುಮಾಡಬೇಕೆಂದಿದ್ದೇನೆ. ಹಿಡಿಕೆ ಎಳೆದು ಒತ್ತುವ ಪ್ರೆಸ್ ಇದೆ, ಅದರಲ್ಲಿ ಕೂರಿಸಿ ಕೇಸಿಗೆ ಆಕಾರ ಕೊಡುವ ಅಚ್ಚು, ಡೈ, ಇನ್ನೂ ತಗೊಂಡಿಲ್ಲ. ಮದ್ದಿನ ಅಳತೆ ಲೋಡಿಂಗ್ ಪುಸ್ತಕ ನೋಡಿಯೇ ಮಾಡುವುದು, ಅದನ್ನು ಇಲ್ಲಿ ಕೇಳುತ್ತಿಲ್ಲ. ಪ್ರಶ್ನೆ ಹಿತ್ತಾಳೆಯದ್ದು ಮಾತ್ರ.

ಒಂದು, ಬಕೆಟಿನಲ್ಲಿ ಎಲ್ಲ ಕಲಬೆರಕೆ. ಯಾವ ಕ್ರಮದಲ್ಲಿ ಆರಿಸಬೇಕು, ಯಾವುದನ್ನು ಎಸೆಯಬೇಕು?

ಎರಡು, ತೊಳೆಯುವುದು ಹೇಗೆ? ಅಮ್ಮ ಹುಣಸೆಹುಳಿ ಉಪ್ಪು ಹಾಕಿ ತಿಕ್ಕು ಅನ್ನುತ್ತಾಳೆ. ಅಲ್ಲಿಯವರು ಟಂಬ್ಲರ್ (ಕೇಸುಗಳನ್ನು ಉರುಳಿಸಿ ಅಥವಾ ಅದುರಿಸಿ ಶುಚಿಮಾಡುವ ಯಂತ್ರ) ಅನ್ನುತ್ತಾರೆ.

ಮೂರು, ಜಾಕೆಟ್ ಜೇಬಿನಲ್ಲಿ ಎರಡು ಖಾಲಿ 9 ಎಂಎಂ ಕೇಸು ನನಗೇ ಗೊತ್ತಿಲ್ಲದೆ ಊರಿಗೆ ಬಂದುಬಿಟ್ಟಿವೆ. ಕೊಟ್ಟಿಗೆ ಪಕ್ಕದ ಕಿಟಕಿಯ ದಂಡೆಯ ಮೇಲೆ ಇಟ್ಟಿದ್ದೆ. ಮೂರು ವಾರದ ಮಳೆಗೆ ಹಸಿರು ನೀಲಿ ಹಿಡಿದಿವೆ. ಒಂದರ ಬಾಯಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ಮೊದಲು ಇರಲಿಲ್ಲ ಅಂತ ನನ್ನ ಅಂದಾಜು. ಯಾಕೆ ಹೀಗೆ? ಇವನ್ನು ವಾಪಸ್ ಒಯ್ಯಬಹುದೇ?

ಶರಾವತಿ_ದಂಡೆ:

ಮೂರನೆಯದಕ್ಕೆ ಬೇರೆಯವರು ಹೇಳಲಿ. ಆರಿಸುವ ಮಾತು ನನ್ನದು.

9 ಎಂಎಂ ಕೇಸು ಒಂದಕ್ಕೆ ಹೆಚ್ಚುಕಡಿಮೆ 4 ಗ್ರಾಂ. ಅಂದರೆ ನಿಮ್ಮ ಹತ್ತಿರ 5000ದ ಆಸುಪಾಸು ಇದೆ. ಒಂದೇ ದಿನ ಮುಗಿಸಲು ಹೋಗಬೇಡಿ. ಕಣ್ಣು ಸೋತಮೇಲೆ ಆರಿಸಿದ್ದು ಆರಿಸಿದ್ದಲ್ಲ. ಶಿರಸಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು ಬೇರೆಮಾಡುವ ಕಣ್ಣೇ ಇಲ್ಲಿಗೂ ಬೇಕು. ವ್ಯತ್ಯಾಸ ಇಷ್ಟೇ: ಅಡಿಕೆಯಲ್ಲಿ ತಪ್ಪಿದರೆ ದರ ಬೀಳುತ್ತದೆ, ಇಲ್ಲಿ ತಪ್ಪಿದರೆ ಕೈಯಲ್ಲಿರುವ ಪಿಸ್ತೂಲಿಗೆ ಪೆಟ್ಟು.

ಮೊದಲು ಬಕೆಟನ್ನು ದೊಡ್ಡ ತಟ್ಟೆಗೆ ತೆಳ್ಳಗೆ ಹರಡಿ. ಗುಂಡು ಕೂತಿರುವುದು ಒಂದಾದರೂ ಇದೆಯೇ ನೋಡಿ. ಪ್ರೈಮರಿನ (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಸಣ್ಣ ಬಟ್ಟಲು) ಮೇಲೆ ಪಿಸ್ತೂಲಿನ ಪಿನ್ನಿನ ಗುರುತು ಬಿದ್ದೂ ಹಾರದೆ ಉಳಿದ ತೋಟಾಗಳು ರೇಂಜಿನ ನೆಲದಲ್ಲಿ ಖಾಲಿಯ ಜೊತೆ ಸೇರಿಕೊಳ್ಳುತ್ತವೆ. ಅಂಥದ್ದು ಟಂಬ್ಲರಿಗೂ ಹೋಗಬಾರದು, ಕಸದಬುಟ್ಟಿಗೂ ಹೋಗಬಾರದು. ರೇಂಜಿನಲ್ಲಿ ಅದಕ್ಕೆಂದೇ ಡಬ್ಬಿ ಇಟ್ಟಿರುತ್ತಾರೆ, ಅಲ್ಲಿ ಹಾಕಿ. ಹಾಗೆಯೇ ಸಣ್ಣ .22 ಕೇಸುಗಳು. ಅವುಗಳ ಪ್ರೈಮರ್ ಮದ್ದು ಅಂಚಿನ ಮಡಿಕೆಯೊಳಗೇ ಇರುವುದರಿಂದ ಮರುಬಳಕೆಯ ಪ್ರಶ್ನೆಯೇ ಇಲ್ಲ, ನೇರ ಗುಜರಿಗೆ.

ಆಮೇಲೆ ಅಯಸ್ಕಾಂತ. ಹಿತ್ತಾಳೆ ಬಣ್ಣ ಬಳಿದ ಉಕ್ಕಿನ ಕೇಸುಗಳು ಬರಿಗಣ್ಣಿಗೆ ಮೋಸ ಮಾಡುತ್ತವೆ, ಅಯಸ್ಕಾಂತಕ್ಕೆ ಮೋಸ ಮಾಡಲಾರವು. ಅಲ್ಯೂಮಿನಿಯಂ ಅಂಟುವುದಿಲ್ಲ, ಆದರೆ ಮಂಕು ಬೂದುಬಣ್ಣ, ಕೈಗೆತ್ತಿದರೆ ಹಗುರ. ಎರಡೂ ಬೇಡ. ನಿಕ್ಕಲ್ ಲೇಪದ್ದು ಬೆಳ್ಳಿಯಂತೆ ಹೊಳೆಯುತ್ತದೆ, ತೂಕ ಹಿತ್ತಾಳೆಯದೇ. ಅದು ಬಳಕೆಗೆ ಬರುತ್ತದೆ, ಬಾಯಿ ಮಾತ್ರ ಬೇಗ ಬಿರಿಯುತ್ತದೆ. ಬೇರೆ ಡಬ್ಬಿಯಲ್ಲಿಡಿ.

ಮೂರನೆಯದು ಒಂದರೊಳಗೊಂದು ಸಿಕ್ಕಿಕೊಂಡವು. .40, .45 ಅಂದರೆ ಇದಕ್ಕಿಂತ ದಪ್ಪ ಬೋರಿನ ಕೇಸುಗಳು. 9 ಎಂಎಂ .40ರ ಹೊಟ್ಟೆಯಲ್ಲಿ, .40 ಹೋಗಿ .45ರ ಹೊಟ್ಟೆಯಲ್ಲಿ. ಮೇಲಿಂದ ನೋಡಿದರೆ ಒಂದೇ ಕೇಸು. ಹಾಗೆಯೇ ಡೈಗೆ ಕೊಟ್ಟರೆ ಹಳೆ ಪ್ರೈಮರನ್ನು ಹೊರಗೆ ನೂಕುವ ಡೈಯ ಪಿನ್ನು ಮುರಿಯುತ್ತದೆ, ತೊಳೆಯಲು ಹಾಕಿದರೆ ನೀರು ಒಳಗೇ ನಿಂತು ಕಪ್ಪಾಗುತ್ತದೆ. ತೂತಿನ ತಟ್ಟೆಗಳ ಜರಡಿ ಸಿಗುತ್ತದೆ, .45 ಮೇಲೆ ನಿಲ್ಲುತ್ತದೆ, .40 ನಡುವೆ, 9 ಎಂಎಂ ಕೆಳಗೆ. ಗೇರುಬೀಜ ಗ್ರೇಡ್ ಮಾಡುವ ಜರಡಿಯ ತತ್ವವೇ.

ಜರಡಿ ಹಿಡಿಯದ ಕಳ್ಳ ಯಾರೆಂದರೆ .380 ಎಸಿಪಿ ಎಂಬ ಇನ್ನೊಂದು ಪಿಸ್ತೂಲಿನ ಕೇಸು. ದಪ್ಪ ಹತ್ತಿರ ಹತ್ತಿರ, ಉದ್ದ ಮಾತ್ರ 17.3 ಮಿಮೀ. 9 ಎಂಎಂ ಕೇಸಿನ ಗರಿಷ್ಠ ಉದ್ದ 19.15. ನಡುವೆ ಮಕರೋವ್ ಪಿಸ್ತೂಲಿನ ಕೇಸು 18.1ರಲ್ಲಿ ಕೂತಿದೆ. ಎಲ್ಲವನ್ನೂ ವರ್ನಿಯರ್‌ನಲ್ಲಿ ಅಳೆಯಬೇಕಾಗಿಲ್ಲ. ಸಪಾಟು ಗಾಜಿನ ಮೇಲೆ ಬಾಯಿ ಮೇಲಾಗಿ ಐವತ್ತೈವತ್ತು ನಿಲ್ಲಿಸಿ, ಕಣ್ಣನ್ನು ಅದೇ ಮಟ್ಟಕ್ಕೆ ತನ್ನಿ. ಗಿಡ್ಡನೆಯದು ಗದ್ದೆಯ ನಡುವೆ ಸತ್ತ ಬುಡದಂತೆ ಕಾಣುತ್ತದೆ. ಅಲ್ಲಿಯೂ ತಪ್ಪಿಸಿಕೊಂಡರೆ ಪ್ರೆಸ್ಸಿನ ಹಿಡಿಕೆ ಹೇಳುತ್ತದೆ: 9 ಎಂಎಂ ಡೈಯಲ್ಲಿ .380 ಬಹುತೇಕ ತಡೆಯೇ ಇಲ್ಲದೆ ಜಾರಿಹೋಗುತ್ತದೆ. ಹಿಡಿಕೆ ಹಗುರ ಅನ್ನಿಸಿದ ಕೂಡಲೇ ನಿಲ್ಲಿಸಿ, ಕೇಸು ತೆಗೆದು ಬುಡ ಓದಿ.

ಬುಡ ಓದುವುದು ಅಂದರೆ ಹೆಡ್‌ಸ್ಟ್ಯಾಂಪ್. ತಯಾರಕರ ಗುರುತು, ಬೋರು, ಸೈನ್ಯದ್ದಾದರೆ ಇಸವಿ. ವೃತ್ತದೊಳಗೆ ಕೂಡಿಸುವ ಗುರುತು ಇದ್ದರೆ ಅದು ನೇಟೋ ಸರಕು. ಅದರಲ್ಲಿ ಪ್ರೈಮರ್ ಸುತ್ತ ಹಿತ್ತಾಳೆಯನ್ನು ಒತ್ತಿ ಕಚ್ಚಿಸಿರುವುದು ಸಾಮಾನ್ಯ. ಹಳೆ ಪ್ರೈಮರ್ ಹೇಗೋ ಹೊರಬರುತ್ತದೆ, ಹೊಸದು ಒಳಗೆ ಹೋಗುವುದಿಲ್ಲ. ಅಂಚು ಕೆತ್ತುವ ರೀಮರ್ ಅಥವಾ ಅಂಚನ್ನು ಒತ್ತಿ ಸರಿಸುವ ಸ್ವೇಜ್ ಬೇಕು. ಹೊಸಬರು ಅಂಥವನ್ನು ಪಕ್ಕಕ್ಕಿಡುವುದೇ ಲೇಸು. 5000ದಲ್ಲಿ ಕೆಲವು ನೂರು ಹೋದರೆ ಏನೂ ಬಡತನ ಬರುವುದಿಲ್ಲ.

ಇನ್ನು ಒಳಗೆ ಇಣುಕಿ. ಟಾರ್ಚ್ ಹಿಡಿದು ಬಾಯಿಂದ ನೋಡಿದರೆ ತಳದ ನಡುವೆ ಒಂದೇ ತೂತು ಕಂಡರೆ ಬಾಕ್ಸರ್ ಮಾದರಿ, ನಮಗೆ ಬೇಕಾದ್ದು. ಎರಡು ಸಣ್ಣ ತೂತು ಕಂಡರೆ ಬರ್ಡಾನ್. ಅದನ್ನು ಡೈಗೆ ಕೊಟ್ಟರೆ ನಡುವೆ ತೂತಿಲ್ಲದೆ ಪಿನ್ನು ಮುರಿಯುತ್ತದೆ. (ಬಾಕ್ಸರ್ ಇಂಗ್ಲೆಂಡಿನವನು, ಬರ್ಡಾನ್ ಅಮೆರಿಕದವನು. ಅಮೆರಿಕದಲ್ಲಿ ಗೆದ್ದದ್ದು ಬಾಕ್ಸರ್. ಮದುವೆಯಾಗಿ ಮನೆ ಬದಲಾಯಿಸಿಕೊಂಡ ಹಾಗೆ.) ಇದೇ ಇಣುಕಿನಲ್ಲಿ ಇನ್ನೊಂದು ನೋಡಬೇಕು. ಕೆಲವು 9 ಎಂಎಂ ಕೇಸುಗಳ ಒಳಗೋಡೆ ಅರ್ಧಕ್ಕೆ ಬಂದಾಗ ಮೆಟ್ಟಿಲಿನಂತೆ ದಪ್ಪವಾಗುತ್ತದೆ. ಒಳಗಿನ ಜಾಗ ಕಡಿಮೆ, ಅದೇ ಮದ್ದಿಗೆ ಒತ್ತಡ ಹೆಚ್ಚು. ಮೆಟ್ಟಿಲು ಕಂಡರೆ ಎರಡನೇ ಯೋಚನೆ ಬೇಡ, ಗುಜರಿ.

ಕಡೆಗೆ ಸದ್ದು. ಎಂಟು ಹತ್ತು ಕೇಸನ್ನು ಬೊಗಸೆಯಲ್ಲಿಟ್ಟು ಕುಲುಕಿ. ಎಲ್ಲ ಗಟ್ಟಿಯಿದ್ದರೆ ಗೆಜ್ಜೆಯ ಹಾಗೆ ಗಿಲಗಿಲ ಅನ್ನುತ್ತದೆ. ಒಂದೇ ಒಂದು ಬಿರಿದಿದ್ದರೂ ನಡುವೆ "ಟಕ್ ಟಕ್" ಎಂದು ಮಡಕೆಚೂರಿನ ಸದ್ದು. ಬೊಗಸೆಯಿಂದ ಒಂದೊಂದೇ ತೆಗೆಯುತ್ತ ಕುಲುಕಿ, ಸದ್ದು ಸರಿಹೋದಾಗ ಕೈಯಿಂದ ಆಚೆ ಹೋದದ್ದೇ ಕಳ್ಳ. ಕಣ್ಣಿಗೆ ಕಾಣದ ಬಿರುಕೂ ಇದರಲ್ಲಿ ಸಿಗುತ್ತದೆ. ಹೊಳಪು ನೋಡಿ ಆರಿಸುವವರು ಇಲ್ಲಿಯೇ ಎಡವುವುದು. ಕಪ್ಪಗಿದ್ದೂ ಗಟ್ಟಿಯಾದ ಕೇಸು ಒಳ್ಳೆಯದು, ಚಿನ್ನದಂತಿದ್ದೂ "ಟಕ್" ಅನ್ನುವುದು ಕಸ.

ಕಾಲಡಿ ಸಿಕ್ಕಿ ಬಾಯಿ ಮೊಟ್ಟೆಯಾಕಾರ ಆಗಿದ್ದರೆ ಚಿಂತೆಯಿಲ್ಲ, ಡೈ ದುಂಡಗೆ ಮಾಡುತ್ತದೆ. ಮೈಯಲ್ಲಿ ಚೂಪು ಮಡಿಕೆ ಬಿದ್ದಿದ್ದರೆ ಬೇಡ. ಬುಡದ ಮೇಲೆ ಒಂದು ಪಕ್ಕಕ್ಕೆ ಮಾತ್ರ ಹೊಟ್ಟೆ ಬಂದಿದ್ದರೆ ಅದೂ ಬೇಡ. ಆ ಭಾಗಕ್ಕೆ ಛೇಂಬರಿನ (ಬ್ಯಾರೆಲಿನ ಹಿಂದೆ ತೋಟಾ ಕೂರುವ ಗೂಡು) ಆಸರೆ ಇರಲಿಲ್ಲ ಎಂದರ್ಥ.

ಬೈತ್‌ಖೋಲ್_ಕಾರವಾರ:

ಹಸಿರು ಮತ್ತು ಬಿರುಕು ಎರಡೂ ಬೇರೆ ಬೇರೆ ರೋಗ. ಒಂದೇ ಕಿಟಕಿಯಲ್ಲಿ ಎರಡೂ ಬಂದದ್ದು ಆಕಸ್ಮಿಕವೇನಲ್ಲ.

ತೋಟಾದ ಹಿತ್ತಾಳೆ 70 ಪಾಲು ತಾಮ್ರ, 30 ಪಾಲು ಸತು. ಇದಕ್ಕೆ ಒಂದು ಪಾಲು ತವರ ಸೇರಿಸಿದರೆ ಹಡಗಿನ ಕಂಡೆನ್ಸರ್ ಕೊಳವೆಗೆ ಬಳಸುತ್ತಿದ್ದ ಅಡ್ಮಿರಾಲ್ಟಿ ಹಿತ್ತಾಳೆ. ಆ ತವರ ಇಲ್ಲದಿದ್ದರೆ ಉಪ್ಪುನೀರು ಸತುವನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ, ಉಳಿಯುವುದು ಸ್ಪಂಜಿನಂಥ ತಾಮ್ರ. ಹಸಿರು ಪುಡಿ ಒರೆಸಿದಾಗ ಕೆಳಗೆ ಹಳದಿ ಲೋಹ ಬಂದರೆ ಮೇಲ್ಮೈಯ ಕಿಲುಬು ಅಷ್ಟೇ. ಕೆಂಪು ಗುಲಾಬಿ ಚುಕ್ಕೆ, ಸೂಜಿಮೊನೆಯಂಥ ಗುಳಿ ಕಂಡರೆ ಸತು ಹೋಗಿದೆ, ಆ ಕೇಸು ಮುಗಿಯಿತು.

ಬಿರುಕಿನ ಕಥೆ ಹಳೆಯದು, ಅದೂ ನಮ್ಮ ದೇಶದ್ದೇ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಕಳೆದು ತೆಗೆದರೆ ಗುಂಡು ಕಚ್ಚಿಸಿದ ಜಾಗದಲ್ಲೆಲ್ಲ ಬಿರುಕು. ಋತುವಿಗೆ ಬರುವ ರೋಗವಾದ್ದರಿಂದ ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ಬಿತ್ತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಲೋಹದೊಳಗೆ ಮೊದಲೇ ಉಳಿದಿದ್ದ ಎಳೆತ. ಮೂರೂ ಕೂಡಿದರೆ ಹೊರಗಿನಿಂದ ಯಾರೂ ಮುಟ್ಟದೆಯೇ ಹಿತ್ತಾಳೆ ಬಿರಿಯುತ್ತದೆ. ಒಂದು ತಪ್ಪಿದರೂ ಬಿರಿಯುವುದಿಲ್ಲ.

ನಿಮ್ಮ ಕೊಟ್ಟಿಗೆಯ ಕಿಟಕಿಯಲ್ಲಿ ಗಂಜಲದ ಅಮೋನಿಯಾ ಇದೆ, ಶಿರಸಿಯ ಆಷಾಢದ ತೇವ ಇದೆ, ಒಮ್ಮೆ ಹೊಡೆದ ಕೇಸಿನ ಬಾಯಲ್ಲಿ ಎಳೆತ ಇದೆ. ನೀಲಿ ಛಾಯೆ ಕೂಡ ಅಮೋನಿಯಾದ ಕಡೆಗೇ ಬೆರಳು ತೋರಿಸುತ್ತದೆ. ಇಷ್ಟಾದರೂ, ಹೊಡೆದಾಗಲೇ ಬಿರಿದದ್ದು ಈಗ ಕಿಲುಬು ತುಂಬಿಕೊಂಡು ಕಣ್ಣಿಗೆ ಬಿದ್ದಿರಲೂಬಹುದು. ಎರಡರಲ್ಲಿ ಯಾವುದಾದರೂ ತೀರ್ಪು ಒಂದೇ: ಆ ಕೇಸು ಮತ್ತೆ ತುಂಬಲು ಬಾರದು.

ಇದರಿಂದ ಹ್ಯೂಸ್ಟನ್ನಿನ ಬಕೆಟಿಗೆ ಬರುವ ಬುದ್ಧಿ: ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್, ಕಿಟಕಿಯ ಗಾಜು ಒರೆಸುವ ದ್ರಾವಣ, ಬೆಕ್ಕಿನ ಮರಳಿನ ತಟ್ಟೆ, ಗೊಬ್ಬರದ ಚೀಲ ಇವು ಆ ಬಕೆಟಿನ ಹತ್ತಿರ ಸುಳಿಯಬಾರದು. ದೇವರ ದೀಪಕ್ಕೆ ಹಾಕುವ ಪಾಲಿಶ್ ದೀಪಕ್ಕೆ ಸರಿ, ದೀಪ 35,000 ಪಿಎಸ್ಐ (ಚದರ ಇಂಚಿಗೆ ಪೌಂಡು) ಒತ್ತಡ ತಡೆಯಬೇಕಾಗಿಲ್ಲ. 9 ಎಂಎಂಗೆ ಗರಿಷ್ಠ ಮಿತಿ ಅಷ್ಟು.

ಅಮ್ಮನ ಹುಣಸೆಹುಳಿಗೆ ಬರೋಣ. ತತ್ವ ಸರಿಯಾಗಿಯೇ ಇದೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮುರುಗಲು ಉಪ್ಪಾಗೆಗಳಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂಗಡಿಯ ನಿಂಬೆಹುಳಿಯಲ್ಲಿ ಸಿಟ್ರಿಕ್. ಎಲ್ಲವೂ ತಾಮ್ರದ ಆಕ್ಸೈಡನ್ನು ಕರಗಿಸುತ್ತವೆ. ತಕರಾರಿರುವುದು ಉಪ್ಪಿನ ಮೇಲೆ. ಉಪ್ಪು ಕೆಲಸವನ್ನು ಚುರುಕು ಮಾಡುತ್ತದೆ ನಿಜ, ಆದರೆ ಪ್ರೈಮರ್ ಗುಳಿಯ ಮೂಲೆಯಲ್ಲಿ ಉಳಿದ ಕ್ಲೋರೈಡ್ ಮಾರನೆಯ ದಿನದಿಂದಲೇ ಮತ್ತೆ ತಿನ್ನಲು ಶುರು. ಕರಾವಳಿಯಲ್ಲಿ ತಿಕ್ಕಿದ ತಂಬಿಗೆ ಎರಡೇ ದಿನಕ್ಕೆ ಮಂಕಾಗುವುದು ಇದಕ್ಕೇ. ಹುಣಸೆಯ ನಾರು ಬೇರೆ 5000 ಗುಳಿಗಳಲ್ಲಿ ಸಿಕ್ಕಿಕೊಂಡರೆ ಹೆಕ್ಕುವವರು ಯಾರು? ಆಮ್ಲ ಬೇಕು, ಉಪ್ಪು ನಾರು ಬೇಡ. ಅಂದರೆ ಸಿಟ್ರಿಕ್ ಹರಳು.

4 ಲೀಟರ್ ನೀರಿಗೆ ಕಾಲು ಚಮಚ ಸಿಟ್ರಿಕ್, ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ. ಅಷ್ಟೇ. ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಎಂದು ಸುರಿದವರ ಕೇಸೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೇಲ್ಪದರದ ಸತು ಹೋಗಿ ತಾಮ್ರ ಉಳಿದ ಬಣ್ಣ ಅದು. ದ್ರವದ ಬದಲು ಅಂಟುವಾಳದ ನೀರು ಹಾಕಿದರೂ ಕೊಳೆ ಬಿಡುತ್ತದೆ, ಹ್ಯೂಸ್ಟನ್ನಿನಲ್ಲಿ ಅಂಟುವಾಳ ಹುಡುಕುವ ಕಷ್ಟ ನಿಮ್ಮದು.

ಕೋರ್ಟುರಸ್ತೆ:

ಮೂರನೇ ಪ್ರಶ್ನೆಗೆ ಮೊದಲ ಉತ್ತರ: ಆ ಎರಡನ್ನು ಮತ್ತೆ ಯಾವ ವಿಮಾನ ನಿಲ್ದಾಣಕ್ಕೂ ಒಯ್ಯಬೇಡಿ.

ಅಮೆರಿಕದಲ್ಲಿ ಗುಂಡಿಲ್ಲದ, ಪ್ರೈಮರ್ ಹಾರಿದ ಖಾಲಿ ಕೇಸು ಕೈಚೀಲದಲ್ಲೇ ಹೋಗಬಹುದು. ಅಲ್ಲಿ ಹಿಡಿಯದೆ ಬಿಟ್ಟದ್ದು ತಪ್ಪಲ್ಲ. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಪದದ ವ್ಯಾಖ್ಯೆಯೊಳಗೆ ಮದ್ದುಗುಂಡಿನ ಭಾಗಗಳೂ ಬರುತ್ತವೆ, ಅದನ್ನು ತಯಾರಿಸುವ ಯಂತ್ರವೂ ಬರುತ್ತದೆ. ಕಲಂ 2ನ್ನು ಓದಿ. ಸಾಲದ್ದಕ್ಕೆ 9 ಎಂಎಂ ಇಲ್ಲಿ ನಿಷೇಧಿತ ಬೋರು. ಕಲಂ 45ರಲ್ಲಿ ಒಂದು ರಿಯಾಯಿತಿ ಇದೆ: ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಪುಟ್ಟ ಭಾಗಕ್ಕೆ ಕಾಯ್ದೆ ಅನ್ವಯಿಸದು. ನಿಮ್ಮ ಪರವಾಗಿ ಹೇಳಬಹುದಾದ ಮಾತು ಅದೇ. ಆದರೆ ಅದನ್ನು ಸ್ಕ್ಯಾನರ್ ಮುಂದೆ ನಿಂತು ಹೇಳುವುದಕ್ಕೂ, ಎಫ್ಐಆರ್ ಆದಮೇಲೆ ಕೋರ್ಟಿನಲ್ಲಿ ಹೇಳುವುದಕ್ಕೂ ನಡುವೆ ನಿಮ್ಮ ವಿಮಾನ ಹಾರಿಹೋಗಿರುತ್ತದೆ. ಅಲ್ಲಿ ಪ್ರೆಸ್ ಇಟ್ಟುಕೊಂಡವರಿಗೆ "ಬಳಸುವ ಉದ್ದೇಶವಿಲ್ಲ" ಎಂಬ ಮಾತು ಇನ್ನೂ ಬಿಗಿ.

ಶಿರಸಿಯಲ್ಲೇ ಒಬ್ಬ ವಕೀಲರನ್ನು ಕಾಣಿ. ಎಲ್ಲಿಂದ, ಹೇಗೆ, ಯಾವಾಗ ಬಂತು ಎಂದು ಒಂದು ಪುಟ ಬರೆದು, ಅವರ ಮೂಲಕವೇ ಠಾಣೆಗೆ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ತೋಟದಲ್ಲಿ ಎಸೆಯುವುದು, ಗುಜರಿಗೆ ಹಾಕುವುದು ಬೇಡ. ಇನ್ನು ಮುಂದೆ ರೇಂಜಿನ ಚೀಲವೇ ಬೇರೆ, ಪ್ರಯಾಣದ ಚೀಲವೇ ಬೇರೆ. ಜಾಕೆಟ್ ಕೂಡ.

ಯಲ್ಲಾಪುರ_ಗದ್ದೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ ಹಂದಿ ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ 12 ಬೋರ್ ಇಟ್ಟುಕೊಂಡವರು ಬಹಳ. ಹೊಡೆದ ತೋಟಾದ ಬುಡವೂ ಹಿತ್ತಾಳೆಯೇ ಅಲ್ಲವೇ? ಅದನ್ನೂ ಹೀಗೆ ತುಂಬಬಹುದೇ?

ಕೋರ್ಟುರಸ್ತೆ:

ಬೆಳೆ ರಕ್ಷಣೆಯ ಲೈಸೆನ್ಸು ಬಂದೂಕು ತೋಟಾ ಇಟ್ಟುಕೊಳ್ಳಲು, ಬಳಸಲು. ತೋಟಾ ತಯಾರಿಸಲು ಕಲಂ 5ರ ಲೈಸೆನ್ಸೇ ಬೇರೆ. ಅದಿಲ್ಲದೆ ಮನೆಯಲ್ಲಿ ತುಂಬಿದರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಒಂದು ತೋಟಾದ ದುಡ್ಡು ಉಳಿಸಲು ಯಾರೂ ಈ ಲೆಕ್ಕಕ್ಕೆ ಕೈಹಾಕುವುದಿಲ್ಲ.

ಶರಾವತಿ_ದಂಡೆ:

ಹಿತ್ತಾಳೆಯೂ ಅಲ್ಲ ಮಾರಾಯ್ರೆ. ಈಗಿನ 12 ಬೋರ್ ತೋಟಾದ ಬುಡ ಹೆಚ್ಚಾಗಿ ಹಿತ್ತಾಳೆ ಲೇಪ ಕೊಟ್ಟ ಉಕ್ಕು, ಅಯಸ್ಕಾಂತ ಹಿಡಿದು ನೋಡಿ.

ತೋಟದಮನೆ_ಶಿರಸಿ:

ಎಲ್ಲರಿಗೂ ಧನ್ಯವಾದ. ವಕೀಲರಿಗೆ ಫೋನ್ ಮಾಡಿ ಆಯಿತು, ನಾಳೆ ಕಾಣುತ್ತೇನೆ. ಬಕೆಟಿನ ಬಗ್ಗೆ ಇನ್ನೆರಡು. ಒಣ ಟಂಬ್ಲರೋ ನೀರಿನ ಟಂಬ್ಲರೋ? ಡೈಯಲ್ಲಿ ಒತ್ತಿದಮೇಲೆ ಕೇಸು ಗುಂಡನ್ನು ಸರಿಯಾಗಿ ಹಿಡಿದಿದೆ ಎಂದು ತಿಳಿಯುವುದು ಹೇಗೆ? ಒಂದು ಕೇಸು ಎಷ್ಟು ಸಲ?

ಶರಾವತಿ_ದಂಡೆ:

ನನ್ನ ಮತ ಒಣದ್ದಕ್ಕೆ. ಪುಡಿಮಾಡಿದ ವಾಲ್‌ನಟ್ ಚಿಪ್ಪು ಅಥವಾ ಜೋಳದ ದಿಂಡಿನ ಕಾಳು, ಅದುರುವ ಬಟ್ಟಲು, ಎರಡು ಮೂರು ತಾಸು. ಪಾತ್ರೆಯಂತೆ ಹೊಳೆಯುವುದಿಲ್ಲ, ಹೊಳೆಯಬೇಕಾಗಿಯೂ ಇಲ್ಲ. ಡೈಯನ್ನು ಗೀರುವ ಮರಳು ಮಸಿ ಹೋದರೆ ಸಾಕು. ಒಳಗೆ ಉಳಿಯುವ ತೆಳು ಮಸಿಯೂ ಒಂದು ಉಪಕಾರ ಮಾಡುತ್ತದೆ, ಡೈಯ ಒಳಗಿನ ಅಗಲಿಸುವ ದಿಂಡು ಸಲೀಸಾಗಿ ಹೊರಬರುತ್ತದೆ. ಪ್ರೈಮರ್ ತೆಗೆಯದೆಯೇ ಹಾಕಿ, ಇಲ್ಲವಾದರೆ ಕಾಳು ತಳದ ನಡುವಿನ ಕಿಡಿತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಧೂಳಿನ ವಿಷಯ ಮಾತ್ರ ಹಗುರವಲ್ಲ. ಪ್ರೈಮರಿನಲ್ಲಿ ಸೀಸದ ಸ್ಟಿಫ್ನೇಟ್ ಇರುತ್ತದೆ, ಹಾರಿದಮೇಲೆ ಸೀಸ ಮಸಿಯಲ್ಲೇ ಕೂತಿರುತ್ತದೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆಯ ತುಂಡು ಕಾಳಿನ ಜೊತೆ ಹಾಕಿದರೆ ಧೂಳು ಅದಕ್ಕಂಟುತ್ತದೆ. ಮುಚ್ಚಳ ತೆಗೆಯುವುದು, ಜರಡಿ ಹಿಡಿಯುವುದು ಗ್ಯಾರೇಜಿನ ಹೊರಗೆ, ಮುಖಗವಸು ಹಾಕಿ, ಗಾಳಿಗೆ ಬೆನ್ನು ಮಾಡಿ.

ಡೈ ತಗೊಳ್ಳುವಾಗ ಕಾರ್ಬೈಡ್ ಉಂಗುರದ್ದು ತಗೊಳ್ಳಿ. ಎಣ್ಣೆಯಿಲ್ಲದೆಯೂ ನಡೆಯುತ್ತದೆ. ಆದರೂ ಒಂದು ಪಾಲು ದ್ರವ ಲ್ಯಾನೊಲಿನ್ನಿಗೆ ಹನ್ನೆರಡು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಸಿಂಪಡಿಸಿ ಐದು ನಿಮಿಷ ಬಿಟ್ಟರೆ ಹಿಡಿಕೆ ಅರ್ಧ ಹಗುರ. ಡೈಯನ್ನು ಕೇಸು ಹಿಡಿಯುವ ಶೆಲ್‌ಹೋಲ್ಡರಿಗೆ ತಾಗಿಸಿ ಅದುಮಬೇಡಿ, ಒಂದು ಕಾಗದ ತೂರುವಷ್ಟು ಸಂದು ಬಿಡಿ. ಕಾರ್ಬೈಡ್ ಗಟ್ಟಿ, ಆದರೆ ಗಾಜಿನಂತೆ ಒಡೆಯುತ್ತದೆ.

ಮುಂದಿನ ಡೈ ಬಾಯನ್ನು ಅರಳಿಸುವುದು. ಗುಂಡು ಬೀಳದೆ ನಿಲ್ಲುವಷ್ಟು ಅರಳಿದರೆ ಸಾಕು, ಕಣ್ಣಿಗೆ ಅರಳಿದ್ದು ಕಾಣಲೇಬಾರದು ಅನ್ನಿ. ಪ್ರತಿ ಸಲ ತುತ್ತೂರಿಯಂತೆ ಅರಳಿಸಿ ಮತ್ತೆ ಮುಚ್ಚಿಸಿದರೆ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದ ಹಾಗೆ, ಬಾಯಿ ಬಿರಿಯುವುದು ಬಹುತೇಕ ಇದರಿಂದಲೇ. ಕಡೆಗೆ ಮುಚ್ಚಿಸುವಾಗ ಟೇಪರ್ ಕ್ರಿಂಪ್ (ಅಂಚು ಮಡಚದೆ ಬಾಯನ್ನು ಸುತ್ತಲೂ ಮೆಲ್ಲಗೆ ಒತ್ತುವುದು), ಬಾಯಿಯ ಹೊರವ್ಯಾಸ 9.60ರಿಂದ 9.65 ಮಿಮೀ. 9 ಎಂಎಂ ಕೇಸು ಛೇಂಬರಿನಲ್ಲಿ ನಿಲ್ಲುವುದೇ ಬಾಯಿಯ ಅಂಚಿನ ಮೇಲೆ, ರಿವಾಲ್ವರ್ ತೋಟಾದಂತೆ ಅಂಚನ್ನು ಒಳಕ್ಕೆ ಮಡಚಿದರೆ ನಿಲ್ಲಲು ಜಾಗವೇ ಇರುವುದಿಲ್ಲ.

ಹಿಡಿತದ ಪರೀಕ್ಷೆ ಹೀಗೆ. ಮದ್ದು ಪ್ರೈಮರ್ ಎರಡೂ ಇಲ್ಲದ ಕೇಸಿಗೆ ಗುಂಡು ಕೂರಿಸಿ ಒಟ್ಟು ಉದ್ದ ಅಳೆಯಿರಿ. ಗುಂಡಿನ ಮೊನೆಯನ್ನು ಮರದ ಬೆಂಚಿಗೆ ಇಟ್ಟು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಮತ್ತೆ ಅಳೆಯಿರಿ. 0.1 ಮಿಮೀಗಿಂತ ಹೆಚ್ಚು ಒಳಗಿಳಿದರೆ ಆ ಕೇಸು ಸೋತಿದೆ, ಅಥವಾ ಅರಳಿಸಿದ್ದು ಹೆಚ್ಚಾಗಿದೆ, ಅಥವಾ ಡೈ ಕೆಳಗಿನವರೆಗೆ ಬಂದಿಲ್ಲ. ಬಿಗಿಯಿಲ್ಲದ ಗುಂಡು ಮ್ಯಾಗಜಿನ್‌ನಿಂದ ಛೇಂಬರಿಗೆ ಏರುವಾಗ ಬಡಿದು ಒಳಗೆ ಜಾರುತ್ತದೆ. ಇಷ್ಟು ಸಣ್ಣ ಕೇಸಿನಲ್ಲಿ ಒಳಗಿನ ಜಾಗ ಸ್ವಲ್ಪ ಕಡಿಮೆಯಾದರೂ ಒತ್ತಡ ಜಿಗಿಯುತ್ತದೆ. ಪ್ರೆಸ್ಸಿನ ಎಲ್ಲ ಕೆಲಸದಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದೊಂದಕ್ಕೆ. ಬ್ಯಾರೆಲ್ ಬಿಚ್ಚಿ ಅದೇ ಡಮ್ಮಿಯನ್ನು ಛೇಂಬರಿಗೆ ಬಿಡಿ, "ಟಣ್" ಎಂದು ಬಿದ್ದು, ತಿರುಗಿಸಿದರೆ ತಿರುಗಿ, ಬೋರಲು ಹಾಕಿದರೆ ತಾನಾಗಿ ಬೀಳಬೇಕು.

ಎಷ್ಟು ಸಲ ಎಂಬುದನ್ನು ಎಣಿಸುವುದಕ್ಕಿಂತ ಪ್ರೈಮರ್ ಹೇಳಿದ್ದನ್ನು ಕೇಳಿ. ಹೊಸ ಪ್ರೈಮರ್ ತಡೆಯೇ ಇಲ್ಲದೆ ಗುಳಿಗೆ ಜಾರಿದರೆ ಆ ಕೇಸಿನ ಆಯುಷ್ಯ ಮುಗಿಯಿತು. ಸಾಧಾರಣ ಲೋಡಿನಲ್ಲಿ 9 ಎಂಎಂ ಐದರಿಂದ ಹತ್ತು ಸಲ ಬರುತ್ತದೆ. .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಎಂಬ ರಿವಾಲ್ವರ್ ತೋಟಾದ ಮಿತಿಯೇ 15,000 ಪಿಎಸ್ಐ, ಅದು ಇದಕ್ಕಿಂತ ಹೆಚ್ಚು ಬಾಳುತ್ತದೆ. ನೆಲದಿಂದ ಹೆಕ್ಕಿದ್ದರ ಹಿಂದಿನ ಲೆಕ್ಕ ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೇ ಪ್ರತಿ ಸಲವೂ ಬೊಗಸೆಯ ಸದ್ದು.

ಬೈತ್‌ಖೋಲ್_ಕಾರವಾರ:

ಒಣ ಧೂಳಿಗಿಂತ ನೀರೇ ಮೇಲು ಎಂದು ನನ್ನ ವಾದ. ಸೀಸ ಗಾಳಿಗೇಳದೆ ನೀರಿನಲ್ಲೇ ಉಳಿಯುತ್ತದೆ. ಹಾಗೆ ಮಾಡುವುದಾದರೆ ಪ್ರೈಮರ್ ಮೊದಲೇ ತೆಗೆದು, ಸ್ಟೇನ್‌ಲೆಸ್ ಪಿನ್ನುಗಳ ಜೊತೆ ಒಂದರಿಂದ ಎರಡು ತಾಸು ಸಾಕು. ನಾಲ್ಕು ತಾಸು ತಿರುಗಿಸಿದರೆ ಕೇಸಿನ ಬಾಯಿ ಒಂದಕ್ಕೊಂದು ಬಡಿದು ಅಂಚು ಮೊಂಡಾಗುತ್ತದೆ. ಆಚೆಗೆ ತೆಗೆದಮೇಲೆ ಪಿನ್ನೊಂದು ಕಿಡಿತೂತಿನಲ್ಲಿ ಉಳಿಯಿತೋ ನೋಡಿ.

ಒಣಗಿಸುವುದರಲ್ಲಿ ಅವಸರ ಮಾಡುವವರು ಕೆಡಿಸಿಕೊಳ್ಳುತ್ತಾರೆ. ಹ್ಯೂಸ್ಟನ್ ಕೂಡ ನಮ್ಮ ಕಾರವಾರದಷ್ಟೇ ಬೆವರುವ ಊರು, ಬಟ್ಟೆಯ ಮೇಲೆ ಹರಡಿ ಬಿಟ್ಟರೆ ಗುಳಿಯೊಳಗಿನ ಹನಿ ಎರಡು ದಿನವಾದರೂ ಹೋಗುವುದಿಲ್ಲ. 80ರಿಂದ 90 ಡಿಗ್ರಿಯಲ್ಲಿ ಒಂದು ತಾಸು ಇಡಿ. ಅದಕ್ಕಿಂತ ಏರಿಸಬೇಡಿ. 250 ಡಿಗ್ರಿಯಿಂದಾಚೆ ಹಿತ್ತಾಳೆ ಮೆತ್ತಗಾಗಲು ಶುರು, ಬುಡ ಮೆತ್ತಗಾದ ಕೇಸು ಛೇಂಬರಿನಲ್ಲಿ ಹರಿದು ಬಿಸಿಗಾಳಿ ಹಿಂದಕ್ಕೆ ನುಗ್ಗುತ್ತದೆ. ಅಡುಗೆಯ ಓವನ್ ಬೇಡ, ಹಣ್ಣು ಒಣಗಿಸುವ ಸಣ್ಣ ಯಂತ್ರ ಇದಕ್ಕೇ ಬೇರೆ ಇಡಿ. ಚಮಚ, ಜರಡಿ, ಬಕೆಟ್ ಯಾವುದೂ ಅಡುಗೆಮನೆಗೆ ಮರಳಬಾರದು.

ಒಣಗಿದ್ದನ್ನು ಬೆಚ್ಚಗಿರುವಾಗಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಂದು ಪೊಟ್ಟಣ ಸಿಲಿಕಾ ಜೆಲ್ ಇಡಿ. ಪೊಟ್ಟಣ ಇಲ್ಲದಿದ್ದರೆ ಹುರಿದ ಅಕ್ಕಿಯ ಗಂಟಾದರೂ ಆದೀತು, ಆ ಅಕ್ಕಿ ಆಮೇಲೆ ಕೋಳಿಗೂ ಹಾಕಬೇಡಿ.